ಬೆಚ್ಚಗಿರಲು ಎಷ್ಟು ಪ್ರಶ್ನೆಗಳಿಗೆ ಉತ್ತರಿಸಬೇಕು?

2024ರ ಜುಲೈ 29. ಬ್ರಿಟನ್ನಿನಲ್ಲಿ ಅದು ಬೇಸಿಗೆ. ಆದರೆ ಹಣಕಾಸು ಸಚಿವೆ ರೇಚಲ್ ರೀವ್ಸ್ ಅಂದು ಸಂಸತ್ತಿನಲ್ಲಿ ಎತ್ತಿದ್ದು ಚಳಿಗಾಲದ ಮಾತು. ಸರ್ಕಾರದ ಲೆಕ್ಕದಲ್ಲಿ 2,200 ಕೋಟಿ ಪೌಂಡ್ ಕೊರತೆಯಿದೆ, ಹಾಗಾಗಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುವ ‘ವಿಂಟರ್ ಫ್ಯುಯೆಲ್ ಪೇಮೆಂಟ್’ ಇನ್ನು ಮುಂದೆ ಬಡ ಪಿಂಚಣಿದಾರರಿಗೆ ಮಾತ್ರ ಎಂದು ಅವರು ಘೋಷಿಸಿದರು.

ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ, 1997ರಲ್ಲಿ ಶುರುವಾದ ನೆರವು ಇದು. ಪಿಂಚಣಿ ವಯಸ್ಸು ದಾಟಿದವರ ಮನೆಗೆ ಚಳಿಗಾಲಕ್ಕೊಮ್ಮೆ 200 ಪೌಂಡ್, 80 ದಾಟಿದವರಿದ್ದರೆ 300 ಪೌಂಡ್. ಬಹುತೇಕರು ಅರ್ಜಿಯನ್ನೇ ಹಾಕಬೇಕಿರಲಿಲ್ಲ. ನವೆಂಬರ್–ಡಿಸೆಂಬರ್ ಹೊತ್ತಿಗೆ ಹಣ ತಾನಾಗಿ ಖಾತೆಗೆ ಬೀಳುತ್ತಿತ್ತು. ಯೋಜನೆಯ ನಿಜವಾದ ಬಲ ಇದ್ದದ್ದು ಅಲ್ಲೇ. ಉಳ್ಳವರಿಗೂ ಹಣ ಹೋಗುತ್ತಿತ್ತು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಇಲ್ಲದ ಪಿಂಚಣಿದಾರರು ಬಹುತೇಕ ಯಾರೂ ಬಿಟ್ಟುಹೋಗುತ್ತಿರಲಿಲ್ಲ.

ಹೊಸ ನಿಯಮ ಈ ನೆರವನ್ನು ‘ಪೆನ್ಷನ್ ಕ್ರೆಡಿಟ್’ ಎಂಬ ಇನ್ನೊಂದು ಸೌಲಭ್ಯಕ್ಕೆ ಗಂಟುಹಾಕಿತು. ಒಂಟಿಯಾಗಿರುವವರ ಆದಾಯ ವಾರಕ್ಕೆ 218.15 ಪೌಂಡಿಗಿಂತ ಕಡಿಮೆಯಿದ್ದರೆ ಅದನ್ನು ಪಡೆಯಬಹುದಿತ್ತು. ಒಂದು ಕೋಟಿಗೂ ಹೆಚ್ಚು ಜನ ಪಡೆಯುತ್ತಿದ್ದ ನೆರವು ಸುಮಾರು 15 ಲಕ್ಷ ಜನರಿಗೆ ಇಳಿಯುವ ಅಂದಾಜಿತ್ತು. ಮಿತಿಗಿಂತ ಎರಡೇ ಪೌಂಡ್ ಹೆಚ್ಚಿದ್ದವರ ಗತಿ? ಅವರಿಗೂ ಗ್ಯಾಸ್ ಬಿಲ್ ಅಷ್ಟೇ ಬರುತ್ತದೆ.

ಅದಕ್ಕಿಂತ ನೋವಿನ ಸಂಗತಿ ಬೇರೆಯಿದೆ. ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾಗಿದ್ದೂ ಪಡೆಯದ ಕುಟುಂಬಗಳು 8.8 ಲಕ್ಷದವರೆಗೆ ಇರಬಹುದೆಂದು ಸರ್ಕಾರದ ಅಂಕಿಅಂಶಗಳೇ ಹೇಳುತ್ತಿದ್ದವು. ಅರ್ಜಿ ನಮೂನೆಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗಳು. ಕಣ್ಣು ಮಂಜಾದವರು, ಆನ್‌ಲೈನ್ ವ್ಯವಹಾರ ಗೊತ್ತಿಲ್ಲದವರು, ಕೈಯೊಡ್ಡಲು ಸಂಕೋಚಪಡುವವರು ಅದನ್ನು ತುಂಬುವುದು ಹೇಗೆ? ವೃದ್ಧರ ಪರ ಕೆಲಸ ಮಾಡುವ ಏಜ್ ಯುಕೆಯಂಥ ಸಂಸ್ಥೆಗಳು ಇದನ್ನೇ ಎತ್ತಿ ಹೋರಾಡಿದವು. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಿಂತ ತಣ್ಣಗಿರುವ ಕೋಣೆಯಲ್ಲಿ ವಯಸ್ಸಾದವರ ರಕ್ತದೊತ್ತಡ ಏರುತ್ತದೆ, ಹೃದಯಕ್ಕೂ ಶ್ವಾಸಕೋಶಕ್ಕೂ ಅಪಾಯ ಹೆಚ್ಚುತ್ತದೆ. ಬಿಲ್ಲಿಗೆ ಹೆದರಿ ಹೀಟರ್ ಆರಿಸಿದವರು ಆಸ್ಪತ್ರೆ ಸೇರಿದರೆ ಆ ಖರ್ಚೂ ಸರ್ಕಾರದ್ದೇ.

ವರ್ಷ ತುಂಬುವ ಮೊದಲೇ ಸರ್ಕಾರ ಹಿಂದೆ ಸರಿಯಿತು. 2025ರ ಜೂನ್‌ನಲ್ಲಿ ಹೊಸ ಮಿತಿ ಬಂತು: ವರ್ಷಕ್ಕೆ 35,000 ಪೌಂಡ್ ಆದಾಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 90 ಲಕ್ಷ ಪಿಂಚಣಿದಾರರು ಇದರೊಳಗೆ ಬರುತ್ತಾರೆ. ಈ ಸಲದ ಏರ್ಪಾಡು ಮೆಚ್ಚುವಂಥದ್ದು. ಬೇಡವೆಂದು ಮೊದಲೇ ತಿಳಿಸಿದವರನ್ನು ಬಿಟ್ಟು ಎಲ್ಲರಿಗೂ ಹಣ ಹೋಗುತ್ತದೆ. ಮಿತಿ ಮೀರಿದವರಿಂದ ತೆರಿಗೆಯ ಮೂಲಕ ಮರಳಿ ಪಡೆಯುತ್ತಾರೆ. ಲೆಕ್ಕ ಒಪ್ಪಿಸುವ ಹೊಣೆ ಬಡವರ ಹೆಗಲಿನಿಂದ ಇಳಿದಿದೆ.

ಆದರೆ ಪಿಂಚಣಿ ವಯಸ್ಸು ತಲುಪದ ಬಡವರಿಗೆ ಈ ಹಣವಿಲ್ಲ. ಅವರಲ್ಲಿ ಆದಾಯ ಆಧರಿತ ಸೌಲಭ್ಯ ಪಡೆಯುವವರಿಗೆ ವಿದ್ಯುತ್ ಬಿಲ್ಲಿನಲ್ಲಿ 150 ಪೌಂಡ್ ಕಡಿತವಿದೆ; ಇದನ್ನು 2025ರಲ್ಲಿ ಸುಮಾರು 60 ಲಕ್ಷ ಕುಟುಂಬಗಳಿಗೆ ವಿಸ್ತರಿಸಲಾಯಿತು. ಸತತ ಏಳು ದಿನಗಳ ಸರಾಸರಿ ಉಷ್ಣತೆ ಸೊನ್ನೆಗೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದರೆ ಕೆಲವರಿಗೆ 25 ಪೌಂಡ್ ಸಿಗುತ್ತದೆ. ಪ್ರೀಪೇಯ್ಡ್ ಮೀಟರ್ ಇರುವ ಮನೆಗಳ ಪಾಡು ಇನ್ನೂ ಕಷ್ಟ: ಹಾಕಿದ ಹಣ ಮುಗಿದರೆ ಹೀಟರ್ ಆರುತ್ತದೆ, ಮನೆಯಲ್ಲಿ ಹಸುಗೂಸಿದ್ದರೂ.