ಗಂಡು ಕುದುರೆಯ ಫಲವಂತಿಕೆಯ ಮೇಲೆ ಋತುಗಳ ಪ್ರಭಾವ

ಕುದುರೆಯು ಹಗಲು ದೀರ್ಘವಾಗಿರುವ ಕಾಲದಲ್ಲಿ ಸಂತಾನೋತ್ಪತ್ತಿ ನಡೆಸುವ ಪ್ರಾಣಿಯಾಗಿದೆ. ಚಳಿಗಾಲದಲ್ಲಿ ಹೆಚ್ಚಿನ ಹೆಣ್ಣು ಕುದುರೆಗಳ ಅಂಡಾಶಯವು ನಿಷ್ಕ್ರಿಯವಾಗುತ್ತದೆ. ಗಂಡು ಕುದುರೆಯಲ್ಲಿ ವೀರ್ಯಾಣುಗಳ ಉತ್ಪತ್ತಿ ವರ್ಷವಿಡೀ ನಡೆಯುತ್ತದೆಯಾದರೂ ಅದರ ಪ್ರಮಾಣವು ಋತುವಿಗೆ ಅನುಗುಣವಾಗಿ ಬದಲಾಗುತ್ತದೆ.

ಕಾರಣ

ಕತ್ತಲಿನಲ್ಲಿ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ವಸಂತದಲ್ಲಿ ರಾತ್ರಿ ಕಿರಿದಾದಂತೆ ಈ ಸ್ರಾವದ ಅವಧಿ ಕುಗ್ಗಿ, ಪಿಟ್ಯುಟರಿ ಗ್ರಂಥಿಯು ಪ್ರಚೋದನೆಗೊಳ್ಳುತ್ತದೆ. ಇದರಿಂದ ಟೆಸ್ಟೋಸ್ಟೆರಾನ್ ಪ್ರಮಾಣ, ವೃಷಣಗಳ ಗಾತ್ರ, ವೀರ್ಯದ ಪರಿಮಾಣ, ಒಟ್ಟು ವೀರ್ಯಾಣುಗಳ ಸಂಖ್ಯೆ ಮತ್ತು ಲೈಂಗಿಕಾಸಕ್ತಿ ಹೆಚ್ಚುತ್ತವೆ. ಸಮಭಾಜಕ ವೃತ್ತದ ಸಮೀಪದಲ್ಲಿ ಹಗಲಿನ ಅವಧಿ ಹೆಚ್ಚು ಬದಲಾಗದ ಕಾರಣ ಈ ಏರಿಳಿತ ಕಡಿಮೆ.

ತಾಪದ ಪರಿಣಾಮ

ಅತಿಯಾದ ಸೆಕೆ ಅಥವಾ ಜ್ವರದಿಂದ ವೃಷಣಗಳ ಉಷ್ಣತೆ ಏರಿದರೆ ವೀರ್ಯಾಣುಗಳಿಗೆ ಹಾನಿಯಾಗುತ್ತದೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನಗಳು ಬೇಕಾಗುವುದರಿಂದ, ಚೇತರಿಕೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಬಹುದು.

ತಳಿ ಸಂವರ್ಧನೆಯಲ್ಲಿ ಮಹತ್ವ

ಉತ್ತರ ಗೋಳಾರ್ಧದಲ್ಲಿ ಥರೋಬ್ರೆಡ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸಲಾಗುತ್ತದೆ. ಗರ್ಭಾವಸ್ಥೆ ಸುಮಾರು 11 ತಿಂಗಳಾದ್ದರಿಂದ, ವರ್ಷದ ಆರಂಭದಲ್ಲೇ ಮರಿ ಪಡೆಯಲು ಫೆಬ್ರವರಿಯಲ್ಲಿಯೇ, ಅಂದರೆ ಸಹಜ ಋತುವಿಗೆ ಮೊದಲೇ, ಕೂಡಿಸುವ ಕಾರ್ಯ ಆರಂಭವಾಗುತ್ತದೆ. ಆಗ ಗಂಡು ಕುದುರೆಯ ಸಾಮರ್ಥ್ಯ ಪೂರ್ಣ ಮಟ್ಟದಲ್ಲಿರುವುದಿಲ್ಲ. ಇದನ್ನು ಸರಿದೂಗಿಸಲು ಡಿಸೆಂಬರಿನಿಂದ ಲಾಯದಲ್ಲಿ ದಿನಕ್ಕೆ 16 ಗಂಟೆ ಬೆಳಕು ಒದಗಿಸುವ ಪದ್ಧತಿಯಿದೆ. ಆದರೆ ಹೀಗೆ ಬೇಗ ಉತ್ತುಂಗಕ್ಕೇರಿದ ಕುದುರೆಗಳಲ್ಲಿ ಇಳಿಕೆಯೂ ಬೇಗ ಕಂಡುಬರುತ್ತದೆ. ಚಳಿಗಾಲದ ವೀರ್ಯ ಪರೀಕ್ಷೆಯ ಫಲಿತಾಂಶವನ್ನು ಅರ್ಥೈಸುವಾಗಲೂ ಋತುವನ್ನು ಪರಿಗಣಿಸಬೇಕಾಗುತ್ತದೆ. ಇಲ್ಲವಾದರೆ ಆರೋಗ್ಯವಂತ ಕುದುರೆಯನ್ನು ಫಲವಂತಿಕೆ ಇಲ್ಲದ್ದೆಂದು ತಪ್ಪಾಗಿ ನಿರ್ಣಯಿಸುವ ಸಾಧ್ಯತೆಯಿದೆ.