ಗಾಜಿನೊಳಗೊಂದು ಊರು

ಬಣ್ಣಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಹವ್ಯಾಸ ನಮ್ಮ ಪಟ್ಟಣಗಳಲ್ಲಿ ಅಪರೂಪದ್ದೇನೂ ಅಲ್ಲ. ವೈದ್ಯರ ಮನೆಯ ಮೊಗಸಾಲೆಯಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಬದಿಯಲ್ಲಿ ಅದನ್ನು ಕಾಣದವರು ವಿರಳ. ಆದರೆ ಉತ್ಸಾಹದಿಂದ ಆರಂಭವಾದ ತೊಟ್ಟಿಗಳಲ್ಲಿ ಎಷ್ಟೋ, ಕೆಲವು ತಿಂಗಳು ಕಳೆಯುವುದರೊಳಗೆ ಬರಿದಾಗಿ ಅಟ್ಟವನ್ನೇರುತ್ತವೆ. ತಂದ ಮೀನುಗಳು ಒಂದೊಂದಾಗಿ ಸತ್ತಾಗ ಮನೆಯವರು ಮಾರಿದವನನ್ನು ದೂರುತ್ತಾರೆ. ಇಲ್ಲವೇ ‘ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ’ ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಇಂಥ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬೇರೆಯೇ ಇದೆ. ಊರು ಕಟ್ಟುವವರು ಮೊದಲು ನೀರಿನ ನೆಲೆಯನ್ನು ನೋಡುತ್ತಾರೆ, ಜನ ಆಮೇಲೆ ಬರುತ್ತಾರೆ. ಹಲವು ಜಾತಿಯ ಉಷ್ಣವಲಯದ ಮೀನುಗಳು ಕೂಡಿ ಬಾಳಬೇಕಾದ ದೊಡ್ಡ ತೊಟ್ಟಿಗೂ ಇದೇ ಕ್ರಮ. ನಾವು ಸಾಕಬೇಕಾದುದು ಮೊದಲು ನೀರನ್ನು, ಆನಂತರ ಮೀನನ್ನು.

ಈ ತಿಳಿವಳಿಕೆಗೆ ಒಂದು ಸ್ವಾರಸ್ಯಕರವಾದ ಚರಿತ್ರೆಯಿದೆ. 1850ರಲ್ಲಿ ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಎಂಬಾತ ಎರಡು ಚಿನ್ನದ ಮೀನು, ವ್ಯಾಲಿಸ್ನೇರಿಯ ಎಂಬ ಜಲಸಸ್ಯ ಮತ್ತು ಕೆಲವು ಬಸವನಹುಳುಗಳನ್ನು ಒಂದೇ ಗಾಜಿನ ಪಾತ್ರೆಯಲ್ಲಿಟ್ಟು ತಾನು ಮಾಡಿದ ಪ್ರಯೋಗವನ್ನು ಪ್ರಕಟಿಸಿದ. ಸಸ್ಯವು ಮೀನಿಗೆ ಆಮ್ಲಜನಕವನ್ನೀಯುತ್ತದೆ. ಕೊಳೆತ ಎಲೆಯನ್ನು ಹುಳುಗಳು ತಿಂದು ತೀರಿಸುತ್ತವೆ. ಹೀಗೆ ಪರಸ್ಪರ ಆಶ್ರಯದಿಂದ ನೀರು ತಿಳಿಯಾಗಿ ಉಳಿಯುತ್ತದೆ ಎಂಬುದು ಆತನ ತೀರ್ಮಾನ. ನಾಲ್ಕು ವರ್ಷಗಳ ಬಳಿಕ ಫಿಲಿಪ್ ಹೆನ್ರಿ ಗಾಸ್‌ನ ಗ್ರಂಥದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಆದರೆ ವಾರಿಂಗ್ಟನ್ ಕಂಡದ್ದು ಸತ್ಯದ ಅರ್ಧಭಾಗವನ್ನು ಮಾತ್ರ. ಉಳಿದರ್ಧವನ್ನು ಅರಸಿದವನು, ಅದೇ ಹೆಸರಿನ ಅವನ ಮಗ. ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಮಣ್ಣನ್ನು ಅಭ್ಯಸಿಸಿದ ಕಿರಿಯ ವಾರಿಂಗ್ಟನ್, ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡುವುದೆಂದೂ, ಈ ಎರಡು ಹಂತಗಳು ಎರಡು ಬೇರೆ ಬಗೆಯ ಸೂಕ್ಷ್ಮಜೀವಿಗಳ ಕೆಲಸವೆಂದೂ ತೋರಿಸಿದ. ಆ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ.

ಹೊಲದ ಈ ಸಂಗತಿಗೂ ನಮ್ಮ ಹಜಾರದ ತೊಟ್ಟಿಗೂ ಏನು ಸಂಬಂಧವೆಂದು ಕೇಳಬಹುದು. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅಮೋನಿಯಾ ಮೀನಿಗೆ ವಿಷ, ನೈಟ್ರೈಟೂ ವಿಷವೇ. ನೈಟ್ರೇಟ್ ಮಾತ್ರ ಅಷ್ಟು ಉಗ್ರವಲ್ಲ. ಅದನ್ನು ಸಸ್ಯಗಳು ಹೀರಿಕೊಳ್ಳುತ್ತವೆ, ಮಿಕ್ಕದ್ದು ನೀರು ಬದಲಿಸಿದಾಗ ಹೊರಹೋಗುತ್ತದೆ. ಹೊಳೆಯಲ್ಲಿ ಈ ಕಾರ್ಯ ತಾನಾಗಿ ನಡೆಯುತ್ತದೆ. ಹೊಸ ತೊಟ್ಟಿಯಲ್ಲಾದರೋ ಆ ಸೂಕ್ಷ್ಮಜೀವಿಗಳು ಇನ್ನೂ ನೆಲೆಯೂರಿರುವುದಿಲ್ಲ. ಕಣ್ಣಿಗೆ ಸ್ಫಟಿಕದಂತೆ ಕಾಣುವ ಹೊಸ ನೀರಿನಲ್ಲಿ ಮೀನು ಒಂದೆರಡು ವಾರಗಳಲ್ಲಿ ಸಾಯುವುದು ಇದರಿಂದಲೇ. ಫಿಲ್ಟರಿನ ಸ್ಪಂಜಿನಲ್ಲಿಯೂ ತಳದ ಹರಳುಗಳ ಮೇಲೆಯೂ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಮೀನು ಬಿಡದೆ, ದಿನಕ್ಕೊಂದು ಚಿಟಿಕೆ ಆಹಾರವನ್ನು ಹಾಕಿ ಕೊಳೆಯಲು ಬಿಡಬೇಕು. ಬಹುಕಾಲದಿಂದ ಆರೋಗ್ಯವಾಗಿರುವ ತೊಟ್ಟಿಯ ಸ್ಪಂಜಿನ ತುಂಡೊಂದು ದೊರೆತರೆ ಕೆಲಸ ಇನ್ನೂ ಬೇಗ ಆದೀತು, ಹಾಲಿಗೆ ಹೆಪ್ಪು ಹಾಕಿದಂತೆ. ಅಮೋನಿಯಾ, ನೈಟ್ರೈಟ್‌ಗಳನ್ನು ಪರೀಕ್ಷಿಸುವ ದ್ರಾವಣಗಳು ಅಂಗಡಿಗಳಲ್ಲಿ ಸಿಗುತ್ತವೆ. ಇವೆರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡಾಗ ಊರು ಜನಕ್ಕೆ ಸಿದ್ಧವಾಯಿತೆಂದು ತಿಳಿಯಬಹುದು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಬಾಳುವುದು ಮಾತ್ರ ಮೀನು.

ಇನ್ನು ತೊಟ್ಟಿಯ ಗಾತ್ರ. ಹೊಸಬರಿಗೆ ಸಣ್ಣ ತೊಟ್ಟಿ ಸುಲಭವೆಂಬ ನಂಬಿಕೆ ತಪ್ಪು. ನೀರು ಹೆಚ್ಚಿದ್ದಷ್ಟೂ ವಿಷ ಸೇರುವುದು ನಿಧಾನ, ಉಷ್ಣತೆಯ ಏರಿಳಿತವೂ ನಿಧಾನ. ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ. 4 ಅಡಿ ಉದ್ದ, ತಲಾ ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ, ಹರಳು ಮತ್ತು ಮೇಲ್ಭಾಗದ ತೆರವನ್ನು ಕಳೆದರೆ, ಸುಮಾರು 220 ಲೀಟರ್ ನೀರು ನಿಲ್ಲುತ್ತದೆ. ನೀರಿನ ತೂಕವೇ 220 ಕಿಲೋ; ಗಾಜು, ಹರಳು, ಪೀಠಗಳು ಸೇರಿದರೆ 300 ಕಿಲೋ ದಾಟುತ್ತದೆ. ಆದುದರಿಂದ ಭದ್ರವಾದ, ಸಮತಟ್ಟಾದ ನೆಲ ಬೇಕು. ನೇರ ಬಿಸಿಲು ಬೀಳದ ಗೋಡೆ ಬೇಕು. ತುಂಬಿದ ಮೇಲೆ ಸ್ಥಳ ಬದಲಾಯಿಸುವ ಮಾತಿಲ್ಲ.

ನೀರಿನ ಗುಣವೂ ಮುಖ್ಯ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನನ್ನೂ ಸೂಕ್ಷ್ಮಜೀವಿಗಳನ್ನೂ ಕೊಲ್ಲಬಲ್ಲುದು. ಅದನ್ನು ತೆಗೆಯುವ ದ್ರಾವಣ ಹಾಕಬೇಕು, ಇಲ್ಲವೇ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಮಧ್ಯ ಅಮೆರಿಕದ ಮಾಲಿಗೆ, ಟ್ರಿನಿಡಾಡ್ ಕಡೆಯ ಗಪ್ಪಿಗೆ ಅದು ಹಿತ. ಅಮೆಜಾನ್ ಸೀಮೆಯ ಕಾರ್ಡಿನಲ್ ಟೆಟ್ರಾಕ್ಕೆ ಮೆದು ನೀರೇ ಬೇಕು. ನಮ್ಮ ನೀರಿಗೆ ಒಗ್ಗುವ ಮೀನನ್ನು ಆರಿಸುವುದು, ಮೀನಿಗಾಗಿ ನೀರನ್ನು ದಿನವೂ ತಿದ್ದುವುದಕ್ಕಿಂತ ಜಾಣತನ. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚಿನ ಜಾತಿಗಳಿಗೆ ಸಾಕು. ಬೆಂಗಳೂರು, ಮೈಸೂರುಗಳ ಮಾಗಿಯ ರಾತ್ರಿಗಳಿಗೆ 200 ವ್ಯಾಟಿನ ಹೀಟರ್ ಬೇಕಾಗುತ್ತದೆ. ಕರಾವಳಿಯ ಬೇಸಗೆಯಲ್ಲಿ ಚಿಂತೆ ತದ್ವಿರುದ್ಧ: ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಗಾಳಿಯ ಪಂಪು ಅಗತ್ಯ.

ಈಗ ಜನವಸತಿಯ ಪ್ರಶ್ನೆ. ನಮ್ಮಲ್ಲಿ ಮೀನನ್ನು ಜೋಡಿಯ ಲೆಕ್ಕದಲ್ಲಿ ಮಾರುವುದೂ ಕೊಳ್ಳುವುದೂ ರೂಢಿ. ಹತ್ತು ಬಣ್ಣದ ಹತ್ತು ಜೋಡಿ ತಂದರೆ ತೊಟ್ಟಿ ತುಂಬಿತೆಂದು ಭಾವಿಸುತ್ತೇವೆ. ಗುಂಪಿನಲ್ಲಿ ಹುಟ್ಟಿ ಗುಂಪಿನಲ್ಲೇ ಸಂಚರಿಸುವ ಜಾತಿಗೆ ಜೋಡಿಯೆಂದರೆ ವನವಾಸ. ಅಂಥ ಮೀನು ಬೆದರಿ ಮೂಲೆ ಸೇರುತ್ತದೆ, ಬಣ್ಣಗೆಡುತ್ತದೆ. ಜಾತಿಗಳು ಕಡಿಮೆಯಿರಲಿ, ಒಂದೊಂದರಲ್ಲಿ ಆರಕ್ಕೆ ಕಡಿಮೆಯಿಲ್ಲದಷ್ಟು ಸಂಖ್ಯೆಯಿರಲಿ. ಇಷ್ಟು ಇಂಚು ಮೀನಿಗೆ ಇಷ್ಟು ನೀರು ಎಂಬ ಹಳೆಯ ಸೂತ್ರವನ್ನೂ ಪೂರ್ತಿ ನಂಬಲಾಗದು. ಉದ್ದ ಇಮ್ಮಡಿಯಾದರೆ ಮೈತೂಕ ಸುಮಾರು ಎಂಟು ಪಟ್ಟಾಗುತ್ತದೆ. ಹತ್ತಿಂಚಿನ ಒಂದು ಮೀನು ಒಂದಿಂಚಿನ ಹತ್ತು ಮೀನುಗಳಿಗೆ ಎಂದಿಗೂ ಸಮವಲ್ಲ.

ನಾವು ಹೇಳಿದ ತೊಟ್ಟಿಗೆ ಒಂದು ಮಾದರಿಯನ್ನು ಕೊಡಬಹುದು. ಮೇಲ್ನೀರಿಗೆ ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೊ ಹನ್ನೆರಡು. ನಡುನೀರಿಗೆ ಶ್ರೀಲಂಕೆಯ ಚೆರ್ರಿ ಬಾರ್ಬ್ ಹತ್ತು. ತಳಕ್ಕೆ ದಕ್ಷಿಣ ಅಮೆರಿಕದ ಪುಟ್ಟ ಕೊರಿಡೊರಸ್ ಎಂಟು, ಅವುಗಳ ಎಳೆಮೀಸೆ ಸವೆಯದಂತೆ ನುಣುಪಾದ ಮರಳಿನ ಹಾಸು. ಸಸಿಗಳ ಮರೆಯಲ್ಲಿ ಗಂಗಾ-ಬ್ರಹ್ಮಪುತ್ರಾ ಬಯಲಿನ ಹನಿ ಗೌರಾಮಿ ಮೂರು, ಒಂದು ಗಂಡು ಎರಡು ಹೆಣ್ಣು. ಎಲ್ಲವೂ ಸಣ್ಣವು, ಸಾಧುಗಳು. ಇವುಗಳನ್ನೂ ಒಮ್ಮೆಗೇ ಬಿಡಲಾಗದು. ಗಟ್ಟಿಮುಟ್ಟಾದ ಡ್ಯಾನಿಯೊಗಳು ಮೊದಲು. ಎರಡು ವಾರಗಳ ಅಂತರದಲ್ಲಿ ಒಂದೊಂದು ಗುಂಪು. ಸಂಕೋಚದ ಗೌರಾಮಿ ಕೊನೆಗೆ. ಸೂಕ್ಷ್ಮಜೀವಿಗಳ ಸಂಖ್ಯೆ ಮೀನಿನ ಸಂಖ್ಯೆಯೊಡನೆ ಬೆಳೆಯಬೇಕಷ್ಟೆ.

ದೂರವಿಡಬೇಕಾದವೂ ಇವೆ. ಬೆಳೆದ ಏಂಜಲ್ ಮೀನು ಪುಟ್ಟ ನಿಯಾನ್ ಟೆಟ್ರಾವನ್ನು ನುಂಗುತ್ತದೆ. ಟೈಗರ್ ಬಾರ್ಬ್ ನೀಳ ರೆಕ್ಕೆಯ ಮೀನುಗಳ ರೆಕ್ಕೆಯನ್ನು ಕಚ್ಚುತ್ತದೆ. ಚಿನ್ನದ ಮೀನು ತಂಪು ನೀರಿನದು, ದೊಡ್ಡದಾಗುವಂಥದು, ಈ ಬಳಗದ್ದಲ್ಲ. ಬೆರಳುದ್ದದಲ್ಲಿ ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು.

ಪಾಲನೆಯ ನಿಯಮಗಳು ಕೆಲವೇ. ವಾರಕ್ಕೊಮ್ಮೆ ಕಾಲುಭಾಗ ನೀರು, ಎಂದರೆ ಮೂರು-ನಾಲ್ಕು ಬಕೆಟ್ಟು, ಬದಲಿಸಬೇಕು. ಪೂರ್ತಿ ಬರಿದು ಮಾಡಿ ತಿಕ್ಕಿ ತೊಳೆಯಬಾರದು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಮಲಗುವಾಗ ದೀಪದೊಂದಿಗೆ ಫಿಲ್ಟರನ್ನೂ ಆರಿಸುವ ಅಭ್ಯಾಸ ಹಲವರಿಗಿದೆ. ಸೂಕ್ಷ್ಮಜೀವಿಗಳಿಗೂ ಉಸಿರು ಬೇಕೆಂಬುದನ್ನು ಮರೆಯಬಾರದು. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟಿದ್ದರೆ ಸಾಕು. ತೊಟ್ಟಿಯ ಮೀನು ಹಸಿವಿಗಿಂತ ನಮ್ಮ ಅತಿಪ್ರೀತಿಯಿಂದ ಸಾಯುವುದೇ ಹೆಚ್ಚು.

ಕೊನೆಯದಾಗಿ, ಈ ಗಾಜಿನ ಗೋಡೆಯಾಚೆಗೂ ನಮಗೊಂದು ಹೊಣೆಯಿದೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟುವ, ಮೈಮೇಲೆ ಕೆಂಪು ಗೆರೆಯುಳ್ಳ ‘ಮಿಸ್ ಕೇರಳ’ ಎಂಬ ಮೀನನ್ನು ಫ್ರಾನ್ಸಿಸ್ ಡೇ 1865ರಲ್ಲಿ ವಿವರಿಸಿ, ಮದ್ರಾಸಿನ ಗವರ್ನರ್ ಡೆನಿಸನ್‌ನ ಹೆಸರಿಟ್ಟ. ಅದರ ಚೆಲುವೇ ಅದಕ್ಕೆ ಮುಳುವಾಯಿತು. ಹೊಳೆಗಳಿಂದ ಮಿತಿಯಿಲ್ಲದೆ ಹಿಡಿದು ಮಾರಿದ್ದರ ಫಲವಾಗಿ ಇಂದು ಅದು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕೊಳ್ಳುವವರು ಸಾಕಣೆಯಲ್ಲಿ ಮರಿಮಾಡಿದ ಮೀನನ್ನೇ ಕೇಳಿ ಕೊಳ್ಳಬೇಕು. ಇದರ ಮತ್ತೊಂದು ಮುಖವೂ ಉಂಟು. ತೊಟ್ಟಿಗೆ ದೊಡ್ಡದಾಯಿತೆಂದು ದಕ್ಷಿಣ ಅಮೆರಿಕದ ಸಕ್ಕರ್ ಮೀನನ್ನು ಕೆರೆಗೆ ಬಿಡುವವರು ಪುಣ್ಯಕಾರ್ಯ ಮಾಡಿದೆವೆಂದುಕೊಳ್ಳುತ್ತಾರೆ. ಮೈಗೆ ಕವಚ ತೊಟ್ಟ ಆ ಮೀನು ಭಾರತದ ಹಲವು ನದಿ, ಕೆರೆಗಳಲ್ಲಿ ಬೀಡುಬಿಟ್ಟು, ನಾಡಮೀನುಗಳ ಆಹಾರಕ್ಕೂ ಬೆಸ್ತರ ಬಲೆಗೂ ಕಂಟಕವಾಗಿದೆ. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಬೇಕು, ಅಂಗಡಿಗೆ ಮರಳಿಸಬೇಕು. ಕೆರೆಗೆ ಎಂದೂ ಬಿಡಬಾರದು.

ತೊಟ್ಟಿಯ ಮೀನಿಗೆ ಬೇರೆ ಹೊಳೆಯಿಲ್ಲ. ನೀರು ಕೆಟ್ಟರೆ ಅದು ಈಜಿ ಹೋಗಲು ಎಡೆಯಿಲ್ಲ. ನಾವು ಕೊಟ್ಟ ನೀರೇ ಅದರ ಲೋಕ. ಅಂಗಡಿಯ ಬಾಗಿಲಲ್ಲಿ ನಿಂತು ಬಣ್ಣಗಳನ್ನು ಎಣಿಸುವ ಮೊದಲು ಇಷ್ಟನ್ನು ನೆನೆದು ಆರು ವಾರ ಕಾಯಬಲ್ಲವರ ಮನೆಯಲ್ಲಿ ಆ ಪುಟ್ಟ ಊರು ಬಹುಕಾಲ ಬಾಳುತ್ತದೆ.