ಸೀನು ನಿಂತರೂ ನಿಲ್ಲದ ಆಮ್ಲ

ಹಿಸ್ಟಮಿನ್ ಎಂದೊಡನೆ ನೆನಪಾಗುವುದು ಅಲರ್ಜಿ: ಸೋರುವ ಮೂಗು, ಸಾಲು ಸೀನು, ಮೈಮೇಲೆ ಏಳುವ ಪಿತ್ತಗಂಧೆ. ಅದೇ ಹಿಸ್ಟಮಿನ್ ಜಠರದಲ್ಲಿ ಆಮ್ಲವನ್ನೂ ಸುರಿಸುತ್ತದೆ. ಪೋಲೆಂಡಿನ ಲಿಯೋನ್ ಪೊಪಿಯೆಲ್ಸ್ಕಿ 1916ರಲ್ಲಿ ನಾಯಿಯ ಚರ್ಮದಡಿಗೆ ಹಿಸ್ಟಮಿನ್ ಚುಚ್ಚಿ ಇದನ್ನು ಕಂಡುಕೊಂಡಿದ್ದರು.

ಆದರೆ ಮುಂದೆ ಬಂದ ಅಲರ್ಜಿ ಮಾತ್ರೆಗಳು ಸೀನನ್ನು ತಡೆದವೇ ಹೊರತು ಆಮ್ಲದ ಗೊಡವೆಗೆ ಹೋಗಲಿಲ್ಲ.

ಯಾಕೆ? ಹಿಸ್ಟಮಿನ್ ಬಂದು ಕೂರುವ ರಿಸೆಪ್ಟರ್ ಒಂದೇ ಬಗೆಯದಲ್ಲ ಎಂದು ಔಷಧವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಊಹಿಸಿದರು. 1964ರಲ್ಲಿ ಇಂಗ್ಲೆಂಡಿನ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯಲ್ಲಿ ಅವರ ತಂಡ ಹಿಸ್ಟಮಿನ್ ಅಣುವನ್ನೇ ತಿದ್ದಿ ತೀಡುತ್ತಾ ನೂರಾರು ಸಂಯುಕ್ತಗಳನ್ನು ಪರೀಕ್ಷಿಸತೊಡಗಿತು. 1972ರಲ್ಲಿ ಬುರಿಮಮೈಡ್ ಆಮ್ಲವನ್ನು ತಡೆದು, ಎಚ್2 ಎಂಬ ಎರಡನೆಯ ರಿಸೆಪ್ಟರ್ ಇರುವುದನ್ನು ತೋರಿಸಿಕೊಟ್ಟಿತು. ಆದರೆ ನುಂಗಿದರೆ ಅದು ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ನಂತರದ ಮೆಟಿಯಮೈಡ್ ಕೆಲವು ರೋಗಿಗಳ ಬಿಳಿ ರಕ್ತಕಣಗಳನ್ನು ಕುಗ್ಗಿಸಿತು. ಅದರಲ್ಲಿದ್ದ ಥಯೋಯೂರಿಯಾ ಭಾಗವನ್ನು ಬದಲಿಸಿದಾಗ ಸಿಮೆಟಿಡಿನ್ ಹುಟ್ಟಿತು. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿದ್ದ ಅನೇಕರಿಗೆ ಮಾತ್ರೆಯೇ ಸಾಕಾಯಿತು. 1988ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಮೂವರಲ್ಲಿ ಬ್ಲ್ಯಾಕ್ ಒಬ್ಬರು.

ಈ ಎಚ್2 ಇರುವುದು ಜಠರದ ಒಳಗೋಡೆಯ ಪೆರೈಟಲ್ ಕೋಶಗಳ ಮೇಲೆ. ಊಟ ಒಳಗಿಳಿದಾಗ ಗ್ಯಾಸ್ಟ್ರಿನ್ ಹಾರ್ಮೋನು ರಕ್ತಕ್ಕೆ ಸೇರಿ, ಇಸಿಎಲ್ ಎಂಬ ಕೋಶಗಳಿಂದ ಹಿಸ್ಟಮಿನ್ ಬಿಡಿಸುತ್ತದೆ. ಹಿಸ್ಟಮಿನ್ ಪಕ್ಕದ ಪೆರೈಟಲ್ ಕೋಶದ ಎಚ್2ಗೆ ಅಂಟಿಕೊಂಡರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚುತ್ತದೆ. ಆಗ, ಗೋದಾಮಿನಲ್ಲಿಟ್ಟ ಪಂಪ್‌ಸೆಟ್ಟುಗಳನ್ನು ನೀರೆತ್ತಲು ಹೊರತಂದಂತೆ, ಪುಟ್ಟ ಪೊರೆಚೀಲಗಳಲ್ಲಿ ಅಡಗಿದ್ದ ಪ್ರೋಟಾನ್ ಪಂಪುಗಳು ಕೋಶದ ಅಂಚಿಗೆ ಬರುತ್ತವೆ. ಪೊಟ್ಯಾಸಿಯಂ ಅಯಾನನ್ನು ಒಳಗೆಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರದಬ್ಬುತ್ತವೆ. ಹೀಗೆ ಹೊರಬಿದ್ದ ರಸದಲ್ಲಿ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಕೋಶದೊಳಗಿನದಕ್ಕಿಂತ 10 ಲಕ್ಷ ಪಟ್ಟಿಗೂ ಹೆಚ್ಚಿರಬಲ್ಲದು.

ವೇಗಸ್ ನರದ ಅಸಿಟೈಲ್‌ಕೋಲಿನ್ ಕೂಡ ಕ್ಯಾಲ್ಸಿಯಂ ಮೂಲಕ ಇದೇ ಕೋಶವನ್ನು ಕೆಣಕುತ್ತದೆ. ಹಿಸ್ಟಮಿನ್ನೂ ಇದೂ ಕೂಡಿದರೆ ಆಮ್ಲ ಎರಡರ ಮೊತ್ತಕ್ಕೂ ಮೀರಿ ಉಕ್ಕೀತು. ಆದ್ದರಿಂದ ಎಚ್2 ಒಂದನ್ನು ಮುಚ್ಚಿದರೂ ಉಳಿದ ಪ್ರಚೋದನೆಗಳ ಬಿಸಿ ತಗ್ಗುತ್ತದೆ. ಆಮ್ಲ ಮಿತಿಮೀರಿದಾಗ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಗ್ಯಾಸ್ಟ್ರಿನ್, ಹಿಸ್ಟಮಿನ್ ಎರಡಕ್ಕೂ ಲಗಾಮು ಹಾಕುತ್ತದೆ.

ಪಂಪನ್ನೇ ನಿಲ್ಲಿಸುವ ಒಮೆಪ್ರಜೋಲ್ ಬಂದ ಮೇಲೆ ಎಚ್2 ತಡೆಗಳ ಮೆರೆದಾಟ ಕಡಿಮೆಯಾಯಿತು. ಎನ್‌ಡಿಎಂಎ ಎಂಬ ಕಲ್ಮಶದ ಭಯದಿಂದ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದ ರಾನಿಟಿಡಿನ್ ಎಂಬ ಎಚ್2 ತಡೆ, 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಜಾರಿತು. ಅದೇ ಬಗೆಯ ಫ್ಯಾಮೋಟಿಡಿನ್ ಇಂದಿಗೂ ಬಳಕೆಯಲ್ಲಿದೆ. ರಾತ್ರಿ ಸ್ರವಿಸುವ ಆಮ್ಲದಲ್ಲಿ ಹಿಸ್ಟಮಿನ್ ಪಾಲೇ ದೊಡ್ಡದು, ಹಾಗಾಗಿ ಈ ಮಾತ್ರೆಯನ್ನು ಮಲಗುವ ಮುನ್ನ ನುಂಗಲು ವೈದ್ಯರು ಹೇಳುವುದುಂಟು. ದಿನವೂ ಬಿಡದೆ ನುಂಗಿದರೆ ಮಾತ್ರ ಅದರ ಕಸುವು ಕುಂದುತ್ತಾ ಹೋಗುತ್ತದೆ.